ಬಿಕಿನಿ ಪರೀಕ್ಷೆ: ಮುಳುಗಿದ ಹಡಗುಗಳ ಲೆಕ್ಕ ಯಾಕೆ ಹೊಂದುತ್ತಿಲ್ಲ?

1946ರಲ್ಲಿ ಅಮೆರಿಕ ಪೆಸಿಫಿಕ್‌ನ ಬಿಕಿನಿ ಹವಳದ್ವೀಪದ ಬಳಿ ಹಡಗುಗಳನ್ನೇ ಗುರಿಯಾಗಿಟ್ಟು ನಡೆಸಿದ ಅಣುಬಾಂಬ್ ಪರೀಕ್ಷೆಯಲ್ಲಿ ಮುಳುಗಿದ ಹಡಗುಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ಇದೆ ಅಂದಿದ್ದೀರಿ. ಸ್ಫೋಟಕ್ಕೆ ಮುಳುಗಿದವು, ಆಮೇಲೆ ಮುಳುಗಿದವು, ಬೇಕೆಂದೇ ಮುಳುಗಿಸಿದವು ಎಲ್ಲ ಒಂದೇ ಪಟ್ಟಿಯಲ್ಲಿ ಸೇರಿರಬೇಕು. ನಿಮ್ಮ ಮೂಲಗಳನ್ನು ನೋಡದೆ ಪೂರ್ತಿ ಖಚಿತವಾಗಿ ಹೇಳಲಾರೆ, ಆದರೆ ಸಾಮಾನ್ಯವಾಗಿ ತೊಡಕು ಅಲ್ಲೇ.

ಮೊದಲು ಎರಡು ಪರೀಕ್ಷೆಗಳನ್ನು ಬೇರೆ ಮಾಡಿ. ಜುಲೈ 1ರ ಏಬಲ್ ಎಂಬ ಮೊದಲ ಪರೀಕ್ಷೆಯಲ್ಲಿ ಬಾಂಬನ್ನು ವಿಮಾನದಿಂದ ಹಾಕಿದರು. ಮುಳುಗಿದ್ದು 5 ಹಡಗು: ಗಿಲಿಯಮ್, ಕಾರ್ಲೈಲ್, ಆಂಡರ್ಸನ್, ಲ್ಯಾಮ್ಸನ್, ಜಪಾನಿನ ಸಕಾವಾ. ಇದರಲ್ಲಿ ಗೊಂದಲವಿಲ್ಲ.

ಕಷ್ಟ ಇರುವುದು ಜುಲೈ 25ರ ಬೇಕರ್ ಎಂಬ ಎರಡನೇ ಪರೀಕ್ಷೆಯಲ್ಲಿ. ಆ ಬಾಂಬು ಎಲ್‌ಎಸ್‌ಎಂ-60 ಎಂಬ ಹಡಗಿನ ಕೆಳಗೆ, ಸುಮಾರು 27 ಮೀಟರ್ ಆಳದಲ್ಲಿ ಸಿಡಿಯಿತು. ಬಾಂಬು ಹೊತ್ತ ಆ ಹಡಗನ್ನು ಸೇರಿಸುತ್ತೀರೋ ಇಲ್ಲವೋ, ಮೊದಲೇ ತೀರ್ಮಾನಿಸಿ. ಅರ್ಕಾನ್ಸಾ ಹಡಗು ತಕ್ಷಣವೇ ಮುಳುಗಿತು, ಸರಟೋಗಾ ಅದೇ ದಿನ. ನಾಗಾಟೋ ಮಾತ್ರ ನಾಲ್ಕೈದು ದಿನ ತೇಲಿ ಆಮೇಲೆ ಮುಳುಗಿತು. ಸ್ಕಿಪ್‌ಜಾಕ್ ಜಲಾಂತರ್ಗಾಮಿಯ ಬಗ್ಗೆ ಜಾಸ್ತಿ ಎಚ್ಚರ ಬೇಕು. ಬೇಕರ್‌ನಲ್ಲಿ ಮುಳುಗಿದ ಅದನ್ನು ಮೇಲೆತ್ತಿ, 1948ರಲ್ಲಿ ಕ್ಯಾಲಿಫೋರ್ನಿಯಾ ಬಳಿ ಗುರಿಯಾಗಿಟ್ಟು ಮತ್ತೆ ಮುಳುಗಿಸಿದರು. ಎರಡು ಸಲ ಎಣಿಸಬೇಡಿ.

ಕೊನೆಗೆ, ಪರೀಕ್ಷೆಯಲ್ಲಿ ಮುಳುಗದೆ ಉಳಿದ ಹಡಗುಗಳಿಗೆ ಬೇರೆ ಕಾಲಂ ಹಾಕಿ. ಬೇಕರ್ ಎಬ್ಬಿಸಿದ ವಿಕಿರಣದ ನೀರು ಅವುಗಳ ಮೈಗೆಲ್ಲ ಅಂಟಿತ್ತು. ನಾವಿಕರು ತೊಳೆದರು, ಉಜ್ಜಿದರು, ಹೋಗಲಿಲ್ಲ. ಅಂಥ ಡೆಕ್ ಮೇಲೆ ಆ ಹುಡುಗರನ್ನು ಕಳಿಸಿದ್ದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಇಂಡಿಪೆಂಡೆನ್ಸ್ ಹಡಗನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿಟ್ಟು ಅಧ್ಯಯನ ಮಾಡಿ 1951ರಲ್ಲಿ ಮುಳುಗಿಸಿದರು. ನೆವಾಡಾ ಹಡಗನ್ನು 1948ರಲ್ಲಿ ಹವಾಯಿ ಬಳಿ ಮುಳುಗಿಸಿದರು. ಇವು ಯಾವುವೂ ಬೇಕರ್ ಲೆಕ್ಕಕ್ಕೆ ಬರಬಾರದು.