ಕಾರವಾರದಲ್ಲಿ ಕಡಲಿಗೆ ಇಳಿಯಲು ಹೆಚ್ಚು ನಡೆಯಬೇಕಿಲ್ಲ

ಗೋಕರ್ಣ ಮುಗಿಸಿಕೊಂಡು ಕಾರಿನಲ್ಲಿ ಗೋವಾಕ್ಕೆ ಹೊರಟಿದ್ದೀರಿ. ಜೊತೆಯಲ್ಲಿ ಮಂಡಿನೋವಿನ ತಾಯಿ, ಆರು ವರ್ಷದ ಮಗ. ಗೋಕರ್ಣದಲ್ಲಿ ಮೆಟ್ಟಿಲು ಇಳಿದು ಹತ್ತಿ ಅಮ್ಮನಿಗೆ ಸಾಕಾಗಿದೆ. ದಾರಿಯಲ್ಲಿ ಎರಡು ಮೂರು ಗಂಟೆ ಬಿಡುವಿದೆ, ಗುಡ್ಡ ಮೆಟ್ಟಿಲುಗಳ ಗೋಜಿಲ್ಲದೆ ಕಡಲಿಗೆ ಇಳಿಯುವ ಜಾಗ ಯಾವುದು ಎಂದು ಕೇಳಿದ್ದೀರಿ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋಗಿ. ನಾನು ಶಿರಸಿ ಕಡೆಯವಳು, ಕೆಲಸದ ನಿಮಿತ್ತ ಒಂಬತ್ತು ವರ್ಷ ಕಾರವಾರದಲ್ಲಿದ್ದೆ. ಮನೆಗೆ ಬಂದ ನೆಂಟರನ್ನೆಲ್ಲ ಅಲ್ಲಿಗೇ ಕರೆದೊಯ್ದಿದ್ದೇನೆ, ಯಾರೂ ದೂರು ಹೇಳಿಲ್ಲ.

ಊರಿಗೂ ಕಡಲಿಗೂ ನಡುವೆ ಇರುವುದು ಹೆದ್ದಾರಿಯೊಂದೇ. ಬಸ್ ನಿಲ್ದಾಣದಿಂದ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ರೈಲಿನಲ್ಲಿ ಬರುವವರಿಗೆ ಮಾತ್ರ ಸ್ವಲ್ಪ ತಾಪತ್ರಯ: ನಿಲ್ದಾಣ ಇರುವುದು ಊರಾಚೆ ಶಿರವಾಡದಲ್ಲಿ, ಅಲ್ಲಿಂದ ಆಟೊ ಹಿಡಿಯಬೇಕು. ನೀವು ಅಂಕೋಲಾ ಕಡೆಯಿಂದ ಬರುವವರು. ಬಿಣಗಾದ ಸುರಂಗ ದಾಟಿದ ಮೇಲೆ ಬಂದರಿನ ಹತ್ತಿರ ಮೇಲ್ಸೇತುವೆ ಎದುರಾಗುತ್ತದೆ, ಅದನ್ನು ಹತ್ತಬೇಡಿ. ಹತ್ತಿದಿರೋ, ಕಡಲು ಎಡಗಡೆ ಚಿತ್ರದ ಹಾಗೆ ಸರಿದುಹೋಗುತ್ತದೆ, ನೀವು ನೇರ ಕಾಳಿ ನದಿಯ ದಿಕ್ಕಿಗೆ ಸಾಗುತ್ತೀರಿ. ಕೆಳಗಿನ ರಸ್ತೆ ಹಿಡಿದು, ದಡದಲ್ಲಿ ನಿಲ್ಲಿಸಿರುವ ಯುದ್ಧನೌಕೆ ಕಾಣುವವರೆಗೆ ಬನ್ನಿ. ಅದು ಐಎನ್‌ಎಸ್ ಚಪಲ್, ನೌಕಾಪಡೆಯಿಂದ ನಿವೃತ್ತವಾಗಿ ಈಗ ವಸ್ತುಸಂಗ್ರಹಾಲಯ. ಹತ್ತಿರದಲ್ಲೇ ಟುಪೊಲೆವ್ ವಿಮಾನವೊಂದನ್ನೂ ತಂದು ನಿಲ್ಲಿಸಿದ್ದಾರೆ. ಮಗನಿಗೆ ಕಡಲಿಗಿಂತ ಇವೇ ಹೆಚ್ಚು ಇಷ್ಟವಾದರೆ ಆಶ್ಚರ್ಯವಿಲ್ಲ. ಆದರೆ ನೌಕೆಯೊಳಗಿನ ಏಣಿಗಳು ಕಡಿದು, ದಾರಿ ಇಕ್ಕಟ್ಟು. ಅಮ್ಮ ಹೊರಗೆ ಗಾಳಿ ಗಿಡಗಳ ನೆರಳಿನಲ್ಲಿ ಕುಳಿತಿರಲಿ.

ಮಂಡಿನೋವಿನವರಿಗೆ ನಿಜವಾದ ಶತ್ರು ದೂರವಲ್ಲ, ಒಣ ಮರಳು. ಹೆಜ್ಜೆ ಹೂತು ಕಾಲು ಜಗ್ಗುತ್ತದೆ. ನೀರು ಹಿಂದೆ ಸರಿದಾಗ ಸಿಗುವ ಒದ್ದೆ ಮರಳು ಮಾತ್ರ ಸಗಣಿ ಸಾರಿಸಿದ ಅಂಗಳದಷ್ಟು ಗಟ್ಟಿ. ಆದ್ದರಿಂದ ಭರತ ಇಳಿತದ ಲೆಕ್ಕ ಹಾಕಿಕೊಂಡು ಹೋಗಿ. ಇದಕ್ಕೆ ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಭರತ, ಸಂಜೆ ಐದರ ಹೊತ್ತಿಗೆ ಇಳಿತ. ದಿನಕ್ಕೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮುಂದಕ್ಕೆ ಹೋಗುತ್ತ ಅಷ್ಟಮಿಯ ವೇಳೆಗೆ ಎಲ್ಲ ತಿರುಗುಮುರುಗು. ಆದರೆ ಆಗ ಏರಿಳಿತವೂ ಅಷ್ಟಕ್ಕಷ್ಟೇ. ಹುಣ್ಣಿಮೆಯ ಸಂಜೆ ನೀರು ಎಷ್ಟು ಹಿಂದೆ ಸರಿದಿರುತ್ತದೆ ಎಂದರೆ ಮಕ್ಕಳು ಆ ಗಟ್ಟಿ ಮರಳಿನ ಮೇಲೆ ಸೈಕಲ್ ಹೊಡೆಯುತ್ತಾರೆ.

ಈ ಲೆಕ್ಕ ನನಗೆ ತಿಳಿದದ್ದು ಅತ್ತೆಯಿಂದಾಗಿ. ಅರವತ್ತೆಂಟು ವರ್ಷ ತೋಟದ ಮನೆಯಲ್ಲೇ ಕಳೆದ ಅವರನ್ನು ಮೊದಲ ಸಲ ಈ ದಡಕ್ಕೆ ಕರೆತಂದದ್ದು ಒಂದು ಮಂಗಳವಾರ. ಅಲೆಯಿಂದ ನಾಲ್ಕು ಮಾರು ದೂರ ನಿಂತುಬಿಟ್ಟರು. ಪರ್ವದ ದಿನವಲ್ಲದೆ ಸಮುದ್ರವನ್ನು ಮುಟ್ಟುವ ಹಾಗಿಲ್ಲವಂತೆ. ಎಷ್ಟು ಹೇಳಿದರೂ ಕೇಳಲಿಲ್ಲ, ದೂರದಿಂದಲೇ ಕೈಮುಗಿದು ಹಿಂದಿರುಗಿದರು. ಅಮಾವಾಸ್ಯೆಗಾಗಿ ಹತ್ತು ದಿನ ನಮ್ಮ ಮನೆಯಲ್ಲೇ ಕಾದರು. ಆ ದಿನ ಹತ್ತೂವರೆಗೆ ಹೋದರೆ ಮಂಗಳವಾರ ಅವರು ನಿಂತಿದ್ದ ಜಾಗವೇ ಇರಲಿಲ್ಲ, ಅಷ್ಟು ಮೇಲೆ ನೀರು. ಅತ್ತೆ ಚಪ್ಪಲಿ ಬಿಟ್ಟು ಇನ್ನೂ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಅಲೆ ಬಂದು ಮಂಡಿಯವರೆಗೆ ತೋಯಿಸಿ, ಒಂದು ಚಪ್ಪಲಿಯನ್ನು ಹೊತ್ತೊಯ್ದಿತು. ಇನ್ನೊಂದನ್ನು ಅವರೇ ಎಸೆದರು, ‘ಒಂಟಿ ಇಟ್ಟುಕೊಂಡು ಅವನಾದರೂ ಏನು ಮಾಡುತ್ತಾನೆ’ ಎಂದು. ನಿಮ್ಮ ತಾಯಿಗೂ ಇಂಥ ನೇಮವಿದ್ದರೆ ಮೊದಲೇ ತಿಥಿ ನೋಡಿಕೊಳ್ಳಿ.

ಬೆಳಿಗ್ಗೆ ಬೇಗ ಬರುವುದಾದರೆ ಏಂಡಿ ಬಲೆ ಎಳೆಯುವುದನ್ನು ನೋಡುವ ಯೋಗವೂ ಇರಬಹುದು. ದೋಣಿಯಲ್ಲಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು ಬಂದು, ಎರಡು ತುದಿಗಳನ್ನೂ ದಡದಿಂದ ಸಾಲಾಗಿ ನಿಂತು ಎಳೆಯುತ್ತಾರೆ. ಮೊಬೈಲ್ ಹಿಡಿದು ಹಗ್ಗದ ನಡುವೆ ನಿಲ್ಲಬೇಡಿ, ಬೈಸಿಕೊಳ್ಳುತ್ತೀರಿ. ಹಗ್ಗಕ್ಕೆ ಕೈ ಕೊಟ್ಟರೆ ಬೇಡವೆನ್ನುವವರಿಲ್ಲ.

ಟ್ಯಾಗೋರರ ಹೆಸರು ಸುಮ್ಮನೆ ಇಟ್ಟದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಸೇರಿದ ಮೊದಲ ಭಾರತೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರರು ಬಂದು ಅಣ್ಣನ ಮನೆಯಲ್ಲಿ ಉಳಿದು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ಈ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳುತ್ತೇನೆ. ಅರಗಾ ದಾಟಿ ಬರುವಾಗ ಕಡಲು ಇರಬೇಕಾದ ಕಡೆ ಉದ್ದಕ್ಕೂ ಗೋಡೆ ಕಾಣುತ್ತದೆ. ಅದು 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ. ಅಲ್ಲಿನ ತೀರಗಳಿಗೆ ಈಗ ನಮಗೆ ಪ್ರವೇಶವಿಲ್ಲ. ಅಲ್ಲಿದ್ದ ಮೀನುಗಾರರು ಊರನ್ನೇ ಬಿಟ್ಟು ಬಂದವರು. ಹಾಗಾಗಿಯೇ 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆಂದು ಟ್ಯಾಗೋರ್ ತೀರದ ಬದಿಯಲ್ಲಿ ಅಲೆತಡೆಗೋಡೆ ಕಟ್ಟಲು ಹೊರಟಾಗ ಮೀನುಗಾರರು, ಅವರ ಬೆನ್ನಿಗೆ ಊರಿನವರು ಬೀದಿಗಿಳಿದರು. ವಿಷಯ ಹೈಕೋರ್ಟಿಗೆ ಹೋಗಿ ಕಾಮಗಾರಿಗೆ ತಡೆ ಬಿತ್ತು. ಉಳಿದಿರುವ ಈ ಮರಳಿನ ಪಟ್ಟಿಯಲ್ಲಿ ಯಾರಾದರೂ ಹಿರಿಯರು ನಿಮ್ಮ ಚಿಪ್ಸ್ ಪೊಟ್ಟಣದ ಮೇಲೆ ಕಣ್ಣಿಟ್ಟು ಕುಳಿತಿದ್ದರೆ ಕಾರಣ ಇದು. ಪೊಟ್ಟಣವನ್ನು ಕಾರಿಗೇ ಒಯ್ಯಿರಿ.

ನೀರಿನ ವಿಷಯ. ದ್ವೀಪಗಳು ಅಡ್ಡ ಇರುವುದರಿಂದ ಇಲ್ಲಿಯ ಕೊಲ್ಲಿ ಸಾಮಾನ್ಯವಾಗಿ ಶಾಂತ, ಮಗ ಪಾದ ಮುಳುಗುವಷ್ಟು ನೀರಿನಲ್ಲಿ ಆಡಬಹುದು, ನೀವು ಪಕ್ಕದಲ್ಲಿದ್ದರೆ. ಆದರೆ ಉತ್ತರಕ್ಕೆ ನಡೆಯುತ್ತ ನಡೆಯುತ್ತ ಕಾಳಿ ನದಿ ಕಡಲು ಸೇರುವ ಅಳಿವೆಯ ಕಡೆಗೆ ಹೋಗಿ ನೀರಿಗಿಳಿಯಬೇಡಿ. ಮೇಲೆ ತಣ್ಣಗೆ ಕಂಡರೂ ಇಳಿತದ ಹೊತ್ತಿನಲ್ಲಿ ನದಿಯ ಸೆಳೆತ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದರೆ ದಡದಿಂದ ನೋಡಿ, ಅಷ್ಟೇ.

ನಿಮ್ಮ ಎರಡು ಮೂರು ಗಂಟೆಯನ್ನು ಹೀಗೆ ಹಂಚಿಕೊಳ್ಳಿ ಎನ್ನುವುದು ನನ್ನ ಸಲಹೆ: ಮಧ್ಯಾಹ್ನ ಮೊದಲು ಊರೊಳಗೆ ಮೀನೂಟ. ಬಂಗಡೆ ಹುರಿದದ್ದು, ತಿಸ್ರೆ ಸುಕ್ಕ, ಕೊನೆಗೆ ಸೋಲಕಢಿ. ಸಸ್ಯಾಹಾರಿಗಳಾದರೆ ಸೋಲಕಢಿ ಅನ್ನ ಕೇಳಿ, ನಾನು ಒಂಬತ್ತು ವರ್ಷ ಅದರ ಮೇಲೇ ಬದುಕಿದೆ. ಹೋಟೆಲಿನಲ್ಲೇ ಶೌಚಾಲಯದ ಕೆಲಸವನ್ನೂ ಮುಗಿಸಿಕೊಳ್ಳಿ. ನಾಲ್ಕರ ಮೊದಲು ಮರಳು ಕಾದಿರುತ್ತದೆ, ಆ ಹೊತ್ತನ್ನು ಯುದ್ಧನೌಕೆಗೆ ಕೊಡಿ. ಆಮೇಲೆ ಇಳಿಯಿರಿ. ಅಮ್ಮನಿಗೆ ನೆಲದಿಂದ ಏಳುವುದು ಕಷ್ಟವಾದರೆ ಚುರುಮುರಿ ಮಾರುವವರ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ. ಒಂದು ಪೊಟ್ಟಣ ಕೊಂಡರೆ ಮುಳುಗುವ ಸೂರ್ಯ ಕಾಣುವವರೆಗೂ ಯಾರೂ ಎಬ್ಬಿಸುವುದಿಲ್ಲ. ಗೋವಾ ಗಡಿ ಅಲ್ಲಿಂದ ಅರ್ಧ ಗಂಟೆಯ ದಾರಿ, ಕತ್ತಲಾದ ಮೇಲೆ ಹೊರಟರೂ ನಡೆಯುತ್ತದೆ.