ನೀಲಿಯಾದ ಎಲೆಗಳು

ಪ್ರಶ್ನೆ: 17ನೆಯ ಶತಮಾನದ ಡಚ್ ಹೂವಿನ ಚಿತ್ರಗಳಲ್ಲಿ ಎಲೆಗಳು ನೀಲಿಯಾಗಿ ಕಾಣುವುದೇಕೆ?

ಉತ್ತರ: ಅವು ಮೊದಲು ಹಸಿರಾಗಿಯೇ ಇದ್ದವು. ನೀಲಿಯೊಂದಿಗೆ ಬೆರೆಸಿದ ಅಥವಾ ಅದರ ಮೇಲೆ ತೆಳುವಾಗಿ ಬಳಿದ ಸಸ್ಯಜನ್ಯ ಹಳದಿಯು ಬೆಳಕಿಗೆ ಮಾಸಿಹೋಗಿ, ಈಗ ನೀಲಿಯಷ್ಟೇ ಉಳಿದಿದೆ. ವೆಲ್ಡ್ ಗಿಡವನ್ನೋ ಬಕ್‌ಥಾರ್ನ್ ಕಾಯಿಗಳನ್ನೋ ಕುದಿಸಿ ತೆಗೆದ ಕಷಾಯಕ್ಕೆ ಪಟಿಕವನ್ನು ಕರಗಿಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿದರೆ, ದ್ರವ ನೊರೆಯುಕ್ಕಿ ಬಣ್ಣವೆಲ್ಲ ಗಸಿಯಾಗಿ ತಳಕ್ಕಿಳಿಯುತ್ತದೆ; ಅದನ್ನು ಸೋಸಿ, ತೊಳೆದು, ಒಣಗಿಸಿ ಅರೆಯುತ್ತಿದ್ದರು. ಇದು ಬಾಳಿಕೆಯ ಬಣ್ಣವಲ್ಲವೆಂಬುದು ಆ ಕಾಲದವರಿಗೂ ಗೊತ್ತಿತ್ತು. ಆದರೆ ಬೆಳಕಿಗೆ ಜಗ್ಗದ ಸೀಸ-ತವರದ ಹಳದಿ ಅಪಾರದರ್ಶಕವಾಗಿದ್ದುದರಿಂದ, ಎಣ್ಣೆಯಲ್ಲಿ ಗಾಜಿನಂತೆ ತಿಳಿಯಾಗುವ ಈ ಹಳದಿಯನ್ನು ಅವರು ಬಿಡಲೊಲ್ಲದೆ ಹೋದದ್ದು ಸಹಜವೇ.