ಸಹಿಗಿಂತ ಮೊದಲು ಕಾಗದ ನೋಡಿ

ಹಳೆಯ ರಾಜಕಾರಣಿಗಳು, ರಾಯಭಾರಿಗಳು ಸಹಿ ಮಾಡಿದ ಪತ್ರಗಳ ಸಂಗ್ರಹದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಹಳೆಯ ಪುಸ್ತಕ ಮಾರುವವರೊಬ್ಬರ ಬಳಿ 1952ರ ಪತ್ರವಿದೆ. ಟೈಪ್ ಮಾಡಿದ್ದು, ಕೆಳಗೆ ನೆಹರೂ ಸಹಿ, ಜೊತೆಗೆ ಲಕೋಟೆ. ಪುಸ್ತಕದಲ್ಲಿ ಅಚ್ಚಾದ ಸಹಿಯ ಮೇಲಿಟ್ಟು ನೋಡಿದೆ, ಗೆರೆಗೆ ಗೆರೆ ಕೂಡುತ್ತದೆ. ಕೊಳ್ಳಬಹುದೇ?
– ಓದುಗರು, ಬಳ್ಳಾರಿ

ಗೆರೆಗೆ ಗೆರೆ ಕೂಡುತ್ತದೆ ಎನ್ನುವುದೇ ಅನುಮಾನಕ್ಕೆ ಕಾರಣ. ಒಬ್ಬರೇ ಎರಡು ಸಲ ಹಾಕಿದ ಸಹಿ ತದ್ರೂಪಾಗಿ ಇರುವುದಿಲ್ಲ. ಹಾಗಿದ್ದರೆ ಅದು ಅಸಲಿಯ ಮೇಲಿಟ್ಟು ತಿದ್ದಿದ್ದು, ಇಲ್ಲವೇ ಅಚ್ಚಾದದ್ದು. ನಕಲು ಮಾಡುವವರು ತಿಂಗಳುಗಟ್ಟಲೆ ಪಳಗುವುದು ಸಹಿಯಲ್ಲೇ. ಅವರು ಎಡವುವುದು ಕಾಗದದಲ್ಲಿ, ವಿಳಾಸದಲ್ಲಿ, ತಾರೀಖಿನಲ್ಲಿ. ಆದ್ದರಿಂದ ಸಹಿಯನ್ನು ಕೊನೆಗಿಟ್ಟುಕೊಳ್ಳಿ.

ಮೊದಲು ಲಕೋಟೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1952ರ ಲಕೋಟೆಯ ಮೇಲೆ ಬಳ್ಳಾರಿಯ ಮುಂದೆ ‘ಮೈಸೂರು ರಾಜ್ಯ’ ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆಗ ಅಂಚೆಚೀಟಿಯ ಬೆಲೆ ಆಣೆಯಲ್ಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಪತ್ರದ ತಲೆಬರಹದಲ್ಲಿ ದೆಹಲಿಯ ಮುಂದೆ ಆರಂಕಿಯ ಪಿನ್‌ಕೋಡ್ ಇದ್ದರೂ ಅದು ನಕಲಿಯೇ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು.

ಆಮೇಲೆ ಕಾಗದ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಾಯಿಸಿ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಹೊಸ ಕಾಗದ ನೀಲಿಯಾಗಿ ಹೊಳೆಯುತ್ತದೆ, ಹಳೆಯದು ಮಂಕಾಗಿಯೇ ಇರುತ್ತದೆ. 1952 ಗಡಿಯಲ್ಲಿರುವ ವರ್ಷವಾದ್ದರಿಂದ ಹೊಳಪೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಹಾಳೆಯ ಹಿಂಬದಿಗೆ ಬೆರಳಾಡಿಸಿ: ಟೈಪ್‌ರೈಟರ್ ಅಕ್ಷರ, ಅದರಲ್ಲೂ ಪೂರ್ಣವಿರಾಮದ ಚುಕ್ಕೆ, ಒತ್ತಿ ಉಬ್ಬಿರಬೇಕು.

ಈಗ ಸಹಿ. ಚಿನ್ನದಂಗಡಿಯಲ್ಲಿ ಬಳಸುವ 10 ಪಟ್ಟಿನ ಭೂತಗನ್ನಡಿ ಸಾಕು. ಶಾಯಿ ಪೆನ್ನಿನ ಗೆರೆ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಒತ್ತಿದಲ್ಲಿ ಗಾಢವಾಗಿ, ಪೆನ್ನು ಹಾರಿದಲ್ಲಿ ತೆಳ್ಳಗಾಗಿ. ರಬ್ಬರ್ ಮೊಹರಿನಲ್ಲಿ ಶಾಯಿ ಗೆರೆಯ ಎರಡೂ ಅಂಚಿಗೆ ಸರಿದು ನಿಂತಿರುತ್ತದೆ. ಲೇಸರ್ ಮುದ್ರಣವಾದರೆ ಪುಡಿ ಮೇಲೆ ಕೂತು ಮಿನುಗುತ್ತದೆ. ಸಹಿ ಮಡಿಕೆಯ ಗೀಟನ್ನು ದಾಟಿದ್ದರೆ ಅಲ್ಲೇ ಕಣ್ಣಿಡಿ. ಮಡಚುವ ಮೊದಲು ಮಾಡಿದ ಸಹಿ ಗೀಟಿನಲ್ಲಿ ಸವೆದು ಮುರಿದಿರುತ್ತದೆ. ಹಳೆಯ ಮಡಿಕೆಯ ಮೇಲೆ ಹೊಸದಾಗಿ ಹಾಕಿದ್ದರೆ ಶಾಯಿ ಸೀಳಿನೊಳಗೆ ಹರಿದು ಅಡ್ಡಕ್ಕೆ ಹಬ್ಬಿರುತ್ತದೆ.

ರಾಯಭಾರಿಗಳ ಪತ್ರವಾದರೆ ಹುದ್ದೆಯನ್ನೂ ತಾರೀಖನ್ನೂ ತಾಳೆ ಹಾಕಿ. ರಾಧಾಕೃಷ್ಣನ್ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದದ್ದು 1949ರಿಂದ 1952ರವರೆಗೆ. ಅಮೆರಿಕದ ಚೆಸ್ಟರ್ ಬೋಲ್ಸ್ ದೆಹಲಿಗೆ ಎರಡು ಸಲ ಬಂದರು, 1951–53 ಮತ್ತು 1963–69. ನಡುವಿನ ವರ್ಷದ ಪತ್ರಕ್ಕೆ ಅವರು ರಾಯಭಾರಿ ಎಂದು ಸಹಿ ಹಾಕಿರಲಾರರು.

ಅಜ್ಜನ ಟ್ರಂಕಿನಲ್ಲಿ ಹೈದರಾಬಾದಿನ ಸದ್ರೆ ಆಜಂ (ನಿಜಾಮರ ಪ್ರಧಾನಮಂತ್ರಿ) ಕಚೇರಿಯಿಂದ ಬಂದ ಉರ್ದು ಪತ್ರ ಸಿಕ್ಕಿದೆ. ತಾರೀಖಿನ ಜಾಗದಲ್ಲಿ ‘ಬಹಮನ್ 1357 ಫ’ ಎಂದಿದೆ. ಯಾವ ವರ್ಷ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

‘ಫ’ ಎಂದರೆ ಫಸಲಿ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ನಿಜಾಮರ ಕಚೇರಿಗಳಲ್ಲಿ ಈ ವರ್ಷ ಅಕ್ಟೋಬರ್ ಮೊದಲ ವಾರ ಶುರುವಾಗುತ್ತಿತ್ತು. ತಿಂಗಳುಗಳು ಆಜುರ್, ದೈ, ಬಹಮನ್, ಇಸ್ಫಂದಾರ್ ಹೀಗೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಫಸಲಿಗೆ 590 ಕೂಡಿಸಿ, ಜನವರಿ ಮೇಲೆ 591. ಬಹಮನ್ ಮೂರನೆಯ ತಿಂಗಳು, ಹೆಚ್ಚುಕಡಿಮೆ ಡಿಸೆಂಬರ್. ಅಂದರೆ ನಿಮ್ಮದು 1947ರ ಕೊನೆಯ ದಿನಗಳ ಪತ್ರ.

ಇದನ್ನು ಹಗುರವಾಗಿ ನೋಡಬೇಡಿ. ಭಾರತ ಸರ್ಕಾರದ ಜೊತೆ ನಿಜಾಮರು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದು 1947ರ ನವೆಂಬರ್ 29ರಂದು. 1357 ಫಸಲಿ ಮುಗಿಯುವ ಮೊದಲೇ, 1948ರ ಸೆಪ್ಟೆಂಬರ್ 17ಕ್ಕೆ, ಹೈದರಾಬಾದ್ ಶರಣಾಯಿತು. ಆ ಒಂದು ವರ್ಷದ ಕಾಗದದಲ್ಲಿ ಬರೀ ಶಾನುಭೋಗಿಕೆ, ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಜೋಳದ ಮಾತಿದ್ದರೂ ಅದಕ್ಕೆ ತೂಕವಿದೆ. ಉರ್ದುವಿನ ಶಿಕಸ್ತಾ, ಅಂದರೆ ಅಕ್ಷರ ಕೂಡಿಸಿ ವೇಗವಾಗಿ ಬರೆಯುವ ಬರಹ ಓದಬಲ್ಲ ಹಿರಿಯರನ್ನು ಹುಡುಕಿ, ಸಾಲು ಸಾಲಾಗಿ ಕನ್ನಡದಲ್ಲಿ ಬರೆಸಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಬಳ್ಳಾರಿಯ ಹಳೆಯ ಕಾಗದಗಳಲ್ಲೂ ಫಸಲಿ ಬರುತ್ತದೆ. ಅದು ಮದ್ರಾಸಿನ ಫಸಲಿ, ಜುಲೈ 1ಕ್ಕೆ ಶುರು. ಅದೇ 1357, ತುಂಗಭದ್ರೆಯ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು.

ಪತ್ರಗಳಿಗೆ ಚುಚ್ಚಿದ ಗುಂಡುಸೂಜಿ ತುಕ್ಕು ಹಿಡಿದಿದೆ, ಬೆಳ್ಳಿಹುಳವೂ ಬಿದ್ದಿದೆ. ಲ್ಯಾಮಿನೇಷನ್ ಮಾಡಿಸಿ ಅನ್ನುತ್ತಾರೆ. ಮಾಡಿಸಲೇ?
– ಓದುಗರು, ಕೊಪ್ಪಳ

ದಯವಿಟ್ಟು ಬೇಡ. ಲ್ಯಾಮಿನೇಷನ್ನಿನ ಅಂಟು ಬಿಸಿಗೆ ಕರಗಿ ನಾರಿನೊಳಗೆ ಹೋಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪೂ ಬೇಡ, ಹತ್ತಾರು ವರ್ಷದಲ್ಲಿ ಅದು ಕಂದು ಕಲೆಯಾಗಿ ಉಳಿಯುತ್ತದೆ.

ಸೂಜಿಯನ್ನು ಎಳೆಯಬೇಡಿ. ತುಕ್ಕು ನಾರಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಸುತ್ತಲಿನ ಕಾಗದವೂ ಕಿತ್ತು ಬರುತ್ತದೆ. ಸೂಜಿಗೂ ಕಾಗದಕ್ಕೂ ನಡುವೆ ತೆಳು ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಹಿಂದೆ ಮುಂದೆ ಮೆಲ್ಲಗೆ ಆಡಿಸಿ ಬಿಡಿಸಿ. ಸಡಿಲವಾದ ಮೇಲೆ ಹೋದ ದಾರಿಯಲ್ಲೇ ಹಿಂದಕ್ಕೆ ಜಾರಿಸಿ. ಉಳಿದ ಪುಡಿಯನ್ನು ಮೆತ್ತನೆಯ ಬ್ರಶ್ಶಿನಿಂದ ನಡುವಿನಿಂದ ಅಂಚಿಗೆ ಗುಡಿಸಿ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕಬ್ಬಿಣದ ಧೂಳು ಕೂತಿದ್ದರೂ ಹೀಗೇ ಮಾಡಿ. ಬಟ್ಟೆಯಿಂದ ಒರೆಸಿದರೆ ಧೂಳು ಒಳಗೆ ಇಳಿಯುತ್ತದೆ, ನೀರು ತಾಗಿದರೆ ಶಾಯಿ ಹರಡುತ್ತದೆ.

ಹುಳಕ್ಕೆ ಮದ್ದು ಸಿಂಪಡಿಸಬೇಡಿ. ಪತ್ರಗಳನ್ನು ಎರಡು ಪಾಲಿಥಿನ್ ಚೀಲಗಳಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ.

ಆಮೇಲೆ ಒಂದೊಂದು ಪತ್ರಕ್ಕೂ ಒಂದೊಂದು ಪಾಲಿಯೆಸ್ಟರ್ ಕವರ್. ಮೈಲಾರ್ ಎಂದು ಕೇಳಿ. ಪಿವಿಸಿ ಫೈಲಿನ ಕವರ್ ಬೇಡ, ಅದು ಶಾಯಿಯನ್ನು ಮೇಲಕ್ಕೆಳೆದು ಅಂಟಿಕೊಳ್ಳುತ್ತದೆ. ಕವರುಗಳನ್ನು ಆಮ್ಲವಿಲ್ಲದ ಡಬ್ಬಿಗೆ ಹಾಕಿ ಒಳಗೋಡೆಯ ಪಕ್ಕದ ಕಪಾಟಿನಲ್ಲಿಡಿ. ಬಿಸಿಲಿಗೆ ಕಾಯುವ ಹೊರಗೋಡೆ ಬೇಡ. ಗೋಡೆಗೆ ತೂಗುಹಾಕುವ ಆಸೆಯಿದ್ದರೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಪ್ರತಿಗೆ ಕಟ್ಟು ಹಾಕಿಸಿ.

ವಿದೇಶದ ಸಂಗ್ರಾಹಕರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಅಂಚೆಯಲ್ಲಿ ಕಳಿಸಬಹುದೇ?
– ಓದುಗರು, ರಾಯಚೂರು

ಪತ್ರಕ್ಕೆ 75 ವರ್ಷ ತುಂಬಿ, ಚಾರಿತ್ರಿಕ ಮಹತ್ವವಿದ್ದರೆ ಕಳಿಸುವಂತಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಅಂಥ ದಾಖಲೆಯೂ ಪುರಾತನ ವಸ್ತುವೇ, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವುದು ಅಪರಾಧ. ಸರ್ಕಾರಿ ಕಡತದ ಸಂಖ್ಯೆ, ದಾಖಲೆ ಕೋಣೆಯ ಮೊಹರು ಇರುವ ಹಾಳೆಯಾದರೆ ಕೊಳ್ಳುವುದೂ ಬೇಡ, ಅದು ಕಚೇರಿಯಿಂದ ಹೊರಬಿದ್ದ ಮಾಲು.